ಬಾಸೂರು ಕಾವಲಿನಲ್ಲಿ ಒಂದು ಬೆಳಗು

ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲಿಗೆ ನಾವು ಕಾಲಿಟ್ಟಾಗ ಕಾರ್ತಿಕ ಮಾಸದ ಸೂರ್ಯನು ಆಗತಾನೆ ಮೇಲೇರುತ್ತಿದ್ದನು. ಕಣ್ಣು ಹರಿಯುವವರೆಗೂ ಹೊಂಬಣ್ಣಕ್ಕೆ ತಿರುಗಿದ ಹುಲ್ಲು. ಅಲ್ಲಲ್ಲಿ ಒಂದೊಂದು ಜಾಲಿಯ ಮರ. ಕೃಷ್ಣಮೃಗಗಳ ಹಿಂಡೊಂದು ತಲೆಯೆತ್ತಿ ನಮ್ಮನ್ನು ನೋಡಿ, ಚಿಮ್ಮುತ್ತ ಮರೆಯಾಯಿತು. “ಇಷ್ಟು ನೆಲ ಬೀಳುಬಿದ್ದಿದೆಯಲ್ಲ, ಮರ ನೆಡಬಾರದೆ?” ಎಂದು ನಾನು ಕೇಳಿದೆನು. ಸಸ್ಯಶಾಸ್ತ್ರವನ್ನು ಬಲ್ಲ ಮಿತ್ರರು ನಕ್ಕು ಸುಮ್ಮನಾದರು.

ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಬೆಣ್ಣೆ ಚಾವಡಿ’ ಎನಿಸಿದ್ದ ಅರಮನೆಯ ಗೋಸಂಪತ್ತಿಗೆ ಟಿಪ್ಪು ಸುಲ್ತಾನನು ‘ಅಮೃತಮಹಲ್’ ಎಂದು ಹೆಸರಿಟ್ಟನು. ದಂಡಿನ ಫಿರಂಗಿಗಳನ್ನೆಳೆದ ಎತ್ತುಗಳು ಇಂತಹ ಕಾವಲುಗಳಲ್ಲಿಯೇ ಮೇದು ಬೆಳೆದವು. ಮಳೆಗಾಲ, ಚಳಿಗಾಲ, ಬೇಸಗೆಗಳಿಗೆ ಬೇರೆ ಬೇರೆ ಕಾವಲುಗಳನ್ನು ಗೊತ್ತುಮಾಡಿದ್ದರು. ದನಗಳು ಮುಂದಕ್ಕೆ ಹೋದ ಮೇಲೆ ಹುಲ್ಲು ಚಿಗುರಿ ಬೀಜ ಕಟ್ಟುವುದಕ್ಕೆ ಅವಕಾಶ ದೊರೆಯುತ್ತಿದ್ದಿತು.

ಮಿತ್ರರು ಒಂದು ಮೀಟರು ಚೌಕದ ಮರದ ಚೌಕಟ್ಟನ್ನು ನೆಲದ ಮೇಲಿಟ್ಟು, ಅದರೊಳಗಿನ ಸಸ್ಯಗಳನ್ನು ಜಾತಿಜಾತಿಯಾಗಿ ಎಣಿಸಿ ಬರೆದುಕೊಂಡರು. “ಜಾತಿಗಳೆಷ್ಟು ಎಂದರೆ ಸಾಲದು, ಅವು ಹೇಗೆ ಹಂಚಿಕೊಂಡಿವೆ ಎಂಬುದೂ ಬೇಕು” ಎಂದರು. ಎರಡು ಚೌಕಗಳಲ್ಲಿಯೂ ಐದು ಜಾತಿಯ ನೂರು ಬುಡಗಳಿವೆಯೆನ್ನೋಣ. ಒಂದರಲ್ಲಿ ಜಾತಿಗೆ ೨೦ ಬುಡ; ಇನ್ನೊಂದರಲ್ಲಿ ಒಂದೇ ಜಾತಿ ೯೬, ಮಿಕ್ಕವು ಒಂದೊಂದು. ಕಣ್ಣು ಮುಚ್ಚಿ ಎರಡು ಬುಡಗಳನ್ನು ಕಿತ್ತರೆ, ಮೊದಲನೆಯದರಲ್ಲಿ ಅವೆರಡೂ ಒಂದೇ ಜಾತಿಯವಾಗುವುದು ಸುಮಾರು ಐದರಲ್ಲೊಂದು ಸಲ. ಎರಡನೆಯದರಲ್ಲಿ ಹತ್ತರಲ್ಲಿ ಒಂಬತ್ತು ಸಲ. ೧೯೪೯ರಲ್ಲಿ ಸಿಂಪ್ಸನ್ ಎಂಬವರು ಪ್ರಕಟಿಸಿದ ಅಳತೆಯ ಸಾರವಿದು. ದೂರದಿಂದ ಎರಡೂ ಒಂದೇ ಸಮನೆ ಹಸುರು!

ಅಷ್ಟರಲ್ಲಿ ಹತ್ತಿರ ಬಂದ ಮುದುಕ ದನಗಾಹಿಯೊಬ್ಬನು ನಮ್ಮ ಲೆಕ್ಕವನ್ನು ನೋಡಿ, “ಹಸುರು ಕಂಡ್ರೆ ಆಗ್ಲಿಲ್ಲ ಸ್ವಾಮಿ, ದನ ಏನು ಬಿಟ್ಟು ಹೋಗ್ತದೆ ಅದನ್ನ ನೋಡ್ಬೇಕು” ಎಂದನು. ಶಾಸ್ತ್ರವೂ ಅದನ್ನೇ ಹೇಳುತ್ತದೆ. ಮೇವು ಮಿತಿಮೀರಿದರೆ ವರ್ಷವರ್ಷವೂ ಅದೇ ಬೇರಿನಿಂದ ಚಿಗುರುವ ರುಚಿಯಾದ ಹುಲ್ಲುಗಳು ಮೊದಲು ಅಳಿಯುತ್ತವೆ. ಪೊರಕೆ ಕಟ್ಟುವ ಹಂಚಿಹುಲ್ಲು, ಮುಳ್ಳುಕಂಟಿಗಳು ಉಳಿದು ಹಬ್ಬುತ್ತವೆ. ದನಗಳನ್ನು ಪೂರ್ತಿಯಾಗಿ ತಡೆದರೂ ಎತ್ತರದ ಒಂದೆರಡು ಹುಲ್ಲುಗಳೇ ಮಿಕ್ಕವನ್ನು ಅಡಗಿಸಬಹುದು. ಒಂದು ವರ್ಷದ ಮಳೆ ಇನ್ನೊಂದು ವರ್ಷಕ್ಕಿಲ್ಲವಾದುದರಿಂದ, ಅದೇ ಸ್ಥಳದಲ್ಲಿ ಹಲವು ವರ್ಷ ಎಣಿಸಿದಲ್ಲದೆ ನೆಲದ ಯೋಗಕ್ಷೇಮ ತಿಳಿಯದು.

ನಮ್ಮ ತಲೆಯ ಮೇಲೆ ಸೆಳೆವ ಹಕ್ಕಿಯೊಂದು ಹುಲ್ಲಿನ ತುದಿಯನ್ನು ಸವರುವಂತೆ ತೇಲಿಹೋಯಿತು. ಚಳಿಗಾಲಕ್ಕೆಂದು ಮಧ್ಯ ಏಷ್ಯದಿಂದ ಬರುವ ಈ ಅತಿಥಿಗೆ ರಾತ್ರಿ ತಂಗಲು ಹುಲ್ಲುನೆಲವೇ ಬೇಕು. ಮರ ಒತ್ತಾಗಿ ಬೆಳೆದರೆ ಅದಕ್ಕೂ ಎಡೆಯಿಲ್ಲ, ಬಯಲಲ್ಲಿ ಓಡುವ ಕೃಷ್ಣಮೃಗಕ್ಕೂ ಎಡೆಯಿಲ್ಲ. ಎಷ್ಟೋ ಕಾವಲುಗಳು ಹೊಲ, ನೆಡುತೋಪು, ಕಟ್ಟಡಗಳಾಗಿ ಕರಗಿಹೋದವು. ಬಾಸೂರಿನ ಸುಮಾರು ೧,೮೦೦ ಎಕರೆ ಮಾತ್ರ ೨೦೧೧ರಲ್ಲಿ ಸಂರಕ್ಷಣಾ ಮೀಸಲೆನಿಸಿತು.

ಮನೆಗೆ ಬಂದು ಪಂಚೆಗೆ ಚುಚ್ಚಿಕೊಂಡಿದ್ದ ಹುಲ್ಲಿನ ಊಬುಗಳನ್ನು ಕೀಳುತ್ತ ಕುಳಿತೆನು. ಅವುಗಳಲ್ಲಿಯೇ ಮೂರು ಬಗೆಗಳಿದ್ದವು. ಬೆಳಿಗ್ಗೆ ನಾನು ಬೀಳೆಂದು ಕರೆದ ನೆಲವದು.