ನಾನು ತೊಳೆದು ಕೊಂದ ಕಲ್ಲು

ಮುದ್ದೇಬಿಹಾಳದ ನಮ್ಮ ಮನೆಯ ಪಡಸಾಲೆಯಲ್ಲಿ ಕಡಲಿನದೊಂದು ತುಣುಕು ಇರಬೇಕೆಂದು ಆಸೆಪಟ್ಟಿದ್ದೆ. 200 ಲೀಟರಿನ ಗಾಜಿನ ತೊಟ್ಟಿ ತಂದೆ. ನಮ್ಮ ಕಡೆ ಬೋರಿನ ನೀರು ಸವುಳು, ಡೋಣಿ ಹೊಳೆಯ ನೀರೂ ಉಪ್ಪು. ಆದರೆ ಅದು ಕಡಲಿನ ಉಪ್ಪಲ್ಲ. ಶುದ್ಧ ನೀರಿನ ಘಟಕದಿಂದ ಕ್ಯಾನುಗಟ್ಟಲೆ ನೀರು ಹೊತ್ತು, ಲೀಟರಿಗೆ ಸುಮಾರು 35 ಗ್ರಾಂ ಲೆಕ್ಕದಲ್ಲಿ ಅಕ್ವೇರಿಯಂ ಉಪ್ಪು ಕರಗಿಸಿದೆ. ಇಷ್ಟರ ಮಟ್ಟಿಗೆ ಜಾಣನಾಗಿದ್ದೆ.

ಇಂಡೋನೇಷ್ಯಾದ ಲೀ ಚಿನ್ ಎಂಗ್ ಎಂಬ ಹವ್ಯಾಸಿ 1961ರಲ್ಲಿ ಬರೆದ ಲೇಖನದ ವಿಷಯ ಓದಿದ್ದೆ. ದೊಡ್ಡ ಫಿಲ್ಟರ್ ಇಲ್ಲದೆ, ಕಡಲಿನ ಕಲ್ಲು ಮತ್ತು ಗಾಳಿಯ ಗುಳ್ಳೆಗಳಿಂದಲೇ ಅವರು ಮೀನು ಸಾಕಿದ್ದರು. ಹವ್ಯಾಸಿಗಳು ಆ ಕಲ್ಲಿಗೆ ‘ಲೈವ್ ರಾಕ್’ ಎನ್ನುತ್ತಾರೆ. ಅದರ ಮೈತುಂಬ ರಂಧ್ರ, ರಂಧ್ರಗಳ ತುಂಬ ಬ್ಯಾಕ್ಟೀರಿಯಾ. ಮೀನಿನ ಹೊಲಸಿನಿಂದ ಹುಟ್ಟುವ ಅಮೋನಿಯಾವನ್ನು ಕೆಲವು ನೈಟ್ರೈಟ್ ಮಾಡುತ್ತವೆ, ಮತ್ತೆ ಕೆಲವು ಅದನ್ನು ನೈಟ್ರೇಟ್ ಮಾಡುತ್ತವೆ. ಆಮ್ಲಜನಕ ತಲುಪದ ಒಳಗಿನ ರಂಧ್ರಗಳಲ್ಲಿ ಇರುವಂಥವು ನೈಟ್ರೇಟನ್ನು ಸಾರಜನಕದ ಅನಿಲವಾಗಿಸಿ ಹೊರಗೆ ಬಿಡುತ್ತವೆ.

ಲೀ ಅವರ ಊರಿಗೆ ಕಡಲು ಹತ್ತಿರ. ನನಗೆ ಹದಿನೈದು ಕಿಲೋ ಕಲ್ಲು ದೂರದ ನಗರದ ಒಬ್ಬ ವ್ಯಾಪಾರಿಯಿಂದ, ಒದ್ದೆ ಕಾಗದದಲ್ಲಿ ಸುತ್ತಿ, ರಾತ್ರಿ ಬಸ್ಸಿನಲ್ಲಿ ಬಂತು. ಬಿಚ್ಚಿದರೆ ನಾತ. ಹೊಲಸೆಂದು ಭಾವಿಸಿ ಹಿತ್ತಲಿನ ನಳದ ಕೆಳಗಿಟ್ಟು, ಬ್ರಷ್‌ನಿಂದ ಗಸಗಸ ತಿಕ್ಕಿ ತೊಳೆದೆ. ಕಡಲಿನ ಜೀವಕ್ಕೆ ನಳದ ನೀರು ವಿಷ. ಒಳಗೆ ಉಳಿದಿದ್ದ ಹುಳು, ಸ್ಪಂಜು, ಬ್ಯಾಕ್ಟೀರಿಯಾಗಳಲ್ಲಿ ಬಹುಪಾಲನ್ನು ಒಂದು ಮುಂಜಾನೆಯಲ್ಲಿ ಕೊಂದೆ. ಅದೇ ದಿನ ಕಲ್ಲು ಜೋಡಿಸಿದೆ. ಮಗಳು ಕಾಯುತ್ತಿದ್ದಳೆಂದು ಸಂಜೆಗೇ ಎರಡು ಕ್ಲೌನ್ ಮೀನು ಬಿಟ್ಟೆ.

ಮೂರನೆಯ ದಿನ ತೊಟ್ಟಿಯಿಂದ ಕೊಳೆತ ತತ್ತಿಯ ವಾಸನೆ ಬಂತು. ಮೀನುಗಳು ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದವು. ಅಮೋನಿಯಾ ನೋಡುವ ಪರೀಕ್ಷಾ ನಳಿಕೆ ಕಡುಹಸಿರಾಯಿತು. ನೀರು ಬದಲಿಸಿದೆ, ತಡವಾಗಿತ್ತು. ನಾಲ್ಕನೆಯ ದಿನ ಎರಡೂ ಸತ್ತಿದ್ದವು. ಮಗಳು ಅಂದು ಊಟ ಮಾಡಲಿಲ್ಲ.

ಇಂಡಿಯಲ್ಲಿ ಲಿಂಬೆ ತೋಟ ಮಾಡುವ ನನ್ನ ಸೋದರಮಾವ ಆ ವಾರ ಮನೆಗೆ ಬಂದಿದ್ದರು. ಎಲ್ಲ ಕೇಳಿ ಹೇಳಿದರು: “ತಮ್ಮಾ, ಹಸೀ ಗೊಬ್ಬರ ತಂದು ಲಿಂಬಿ ಬುಡಕ್ಕ ಸುರಿತೀವೇನು? ಗಿಡ ಸುಟ್ಟು ಹೋಗ್ತದ. ತಿಪ್ಪ್ಯಾಗ ಕೊಳೀಬೇಕು, ಮಾಗಬೇಕು. ನಿನ್ನ ಕಲ್ಲೂ ಹಂಗ ಅದ.”

ಅಕ್ವೇರಿಯಂ ಬಗ್ಗೆ ಏನೂ ಓದದ ಮಾವ ಹೇಳಿದ್ದೇ ಸರಿ. ಸಾಗಣೆಯಲ್ಲಿ ಸತ್ತ ಜೀವಗಳು ಕೊಳೆತು ಮುಗಿಯುವವರೆಗೆ ಕಲ್ಲನ್ನು ಉಪ್ಪುನೀರಿನಲ್ಲೇ, ಮೀನಿಲ್ಲದೆ, ವಾರಗಟ್ಟಲೆ ಮಾಗಿಸಬೇಕಿತ್ತು.

ಆಮೇಲೆ ತಿಳಿದದ್ದು ಇನ್ನೂ ಭಾರವಾದದ್ದು. ನಾನು ತರಿಸಿದ್ದು ಹವಳದ ತುಂಡುಗಳು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿ ಹುಲಿಯ ಜೊತೆಗೇ ದಿಬ್ಬ ಕಟ್ಟುವ ಹವಳಗಳೂ ಇವೆ. ಅವನ್ನು ಕೀಳುವುದು, ಮಾರುವುದು, ಕೊಳ್ಳುವುದು ಅಪರಾಧ. ನಮ್ಮ ಮುರ್ಡೇಶ್ವರದ ಎದುರಿನ ನೇತ್ರಾಣಿಯ ಸುತ್ತ ಇರುವ ಹವಳಗಳಿಗೂ ಇದೇ ರಕ್ಷಣೆ. ವರ್ಷಗಟ್ಟಲೆ ಬೆಳೆದದ್ದನ್ನು ಸಾಮಾನಿನಂತೆ ತರಿಸಿಕೊಂಡಿದ್ದೆ.

ಎರಡನೆಯ ಸಲ ಕಲ್ಲನ್ನು ನಾನೇ ಮಾಡಿದೆ. ತಾಳಿಕೋಟಿಯ ಫರಸಿ ಕಲ್ಲು ನೋಡಿದೆ; ಚೆಂದ, ಆದರೆ ರಂಧ್ರ ಸಾಲದು. ಸಿಮೆಂಟು, ಉಸುಕು, ಹರಳುಪ್ಪು ಕಲಸಿ ಗಡ್ಡೆ ಕಟ್ಟಿದೆ. ನೀರಿನಲ್ಲಿಟ್ಟಾಗ ಉಪ್ಪು ಕರಗಿ ರಂಧ್ರ ಬಿದ್ದವು. ಸಿಮೆಂಟಿನ ಕ್ಷಾರ ಹೋಗಲು ನೀರು ಬದಲಿಸುತ್ತ ಎರಡು ತಿಂಗಳು ಬಿಟ್ಟೆ. ನಂತರ ಗೆಳೆಯರೊಬ್ಬರ ಹಳೆಯ ತೊಟ್ಟಿಯ ಫಿಲ್ಟರ್ ಸ್ಪಂಜನ್ನು ಹೆಪ್ಪಿನಂತೆ ಹಾಕಿ, ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಉದುರಿಸಿದೆ. ಅಮೋನಿಯಾ ಏರಿತು, ಇಳಿಯಿತು. ನೈಟ್ರೈಟ್ ಏರಿತು, ಇಳಿಯಿತು. ಎರಡೂ ಸೊನ್ನೆಯಾಗಲು ಏಳು ವಾರ ಹಿಡಿಯಿತು. ಸಾಕಣೆಯಲ್ಲಿ ಹುಟ್ಟಿದ ಮೀನು ತಂದದ್ದು ಆಮೇಲೆಯೇ.

ಸಿಂದಗಿಯಲ್ಲೋ ಬಸವನ ಬಾಗೇವಾಡಿಯಲ್ಲೋ ಯಾರಿಗಾದರೂ ಈ ಆಸೆ ಹುಟ್ಟಿದ್ದರೆ ನನ್ನ ವಿನಂತಿ ಇಷ್ಟೆ: ಕಡಲಿನ ಕಲ್ಲು ಕೊಳ್ಳಬೇಡಿ, ಅದು ಕಡಲಿನಲ್ಲೇ ಇರಲಿ. ಅಮೋನಿಯಾ, ನೈಟ್ರೈಟ್ ಎರಡೂ ಏರಿ, ಇಳಿದು, ಸೊನ್ನೆಯಾಗುವವರೆಗೆ ತೊಟ್ಟಿಗೆ ಮೀನು ಬಿಡಬೇಡಿ, ಮನೆಯ ಮಕ್ಕಳಿಗೂ ಕಾಯುವುದನ್ನು ಕಲಿಸಿರಿ.