ಉಂಡೆಯ ಸಿಹಿ, ಮಾತಿನ ಅಳತೆ

ಸಿಹಿತಿಂಡಿಯನ್ನು ಅಂಗಡಿಯಿಂದ ತರದೆ ಮನೆಯಲ್ಲೇ ಮಾಡಿಕೊಳ್ಳುವ ಶ್ರಾವಕ ಕುಟುಂಬಗಳು ಇಂದಿಗೂ ಉಂಟು. ಅದು ಮೆಚ್ಚತಕ್ಕ ಪದ್ಧತಿಯೇ. ಯಾವ ತುಪ್ಪ, ಎಂದಿನ ಹಿಟ್ಟು ಎಂಬುದು ಮಾಡುವವರಿಗೆ ತಿಳಿದಿರುತ್ತದೆ. ಬೆಳ್ಳಿಯ ವರ್ಕಿನ ಶಂಕೆಯೂ ಇರದು. ಆದರೆ ಈ ಒಳ್ಳೆಯ ಕಾರ್ಯದೊಳಗೆ ಸಣ್ಣದೊಂದು ಅಸತ್ಯ ನುಸುಳಿಬಿಡುತ್ತದೆ. ಬೆಲ್ಲದ ಉಂಡೆಯ ತಟ್ಟೆಯನ್ನು ಮಧುಮೇಹವಿರುವ ಹಿರಿಯರ ಮುಂದೆ ಹಿಡಿದು, "ಇದರಲ್ಲಿ ಸಕ್ಕರೆ ಇಲ್ಲ, ಧಾರಾಳವಾಗಿ ತೆಗೆದುಕೊಳ್ಳಿ" ಎನ್ನುವುದುಂಟು. ಹೇಳುವವರಲ್ಲಿ ವಾತ್ಸಲ್ಯವಿದೆ, ವಂಚನೆಯಿಲ್ಲ. ಕೇಳಿದವರು ನಂಬಿ ಮೂರು ತಿನ್ನುತ್ತಾರೆ.

ಬೆಲ್ಲವೂ ಕಬ್ಬಿನ ರಸವೇ. 100 ಗ್ರಾಂ ಸಕ್ಕರೆಯಲ್ಲಿ ಸುಮಾರು 400 ಕ್ಯಾಲೊರಿ, ಬೆಲ್ಲದಲ್ಲಿ 380ರ ಆಸುಪಾಸು. ಬೆಲ್ಲದಲ್ಲಿ ಖನಿಜಾಂಶ ತುಸು ಉಂಟು, ನಿಜ. ಒಂದು ಉಂಡೆಯ ಪಾಲಿಗೆ ಅದು ಲೆಕ್ಕಕ್ಕೆ ಸಿಗುವಷ್ಟಿಲ್ಲ, ರಕ್ತದ ಸಕ್ಕರೆ ಮಾತ್ರ ಏರಿಯೇ ಏರುತ್ತದೆ. ಒಣ ಖರ್ಜೂರದ ತೂಕದಲ್ಲಿಯೂ ಅರ್ಧಕ್ಕಿಂತ ಹೆಚ್ಚು ಸಕ್ಕರೆಯೇ. ತತ್ತ್ವಾರ್ಥಸೂತ್ರವು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಅಳತೆ-ತೂಕದ ಏರುಪೇರನ್ನೂ, ಒಂದರ ಹೆಸರಿನಲ್ಲಿ ಇನ್ನೊಂದನ್ನು ಸಾಗಿಸುವ ಪ್ರತಿರೂಪಕ ವ್ಯವಹಾರವನ್ನೂ ಎಣಿಸಿದೆ. ಅದನ್ನು ಓದಿದ ವರ್ತಕರು ತಮ್ಮ ತಕ್ಕಡಿಯನ್ನು ನೋಡಿಕೊಳ್ಳುತ್ತಾರೆ. ಅಡುಗೆಮನೆಗೂ ಅದು ಅನ್ವಯಿಸೀತೆಂದು ಹೊಳೆಯುವುದು ವಿರಳ.

ಸಕ್ಕರೆಯನ್ನು ನಿಜವಾಗಿ ತಗ್ಗಿಸಬೇಕಾದರೆ ತಿಂಡಿಯ ಕಟ್ಟಡವನ್ನು ಅರಿಯಬೇಕು. ಮೈಸೂರುಪಾಕಿನಲ್ಲಿ ಸಕ್ಕರೆಯ ಎಳೆಪಾಕವೇ ಕಡಲೆಹಿಟ್ಟನ್ನು ಹಿಡಿದು ನಿಲ್ಲಿಸುವ ಗಾರೆ. ಕಾದ ತುಪ್ಪ ನೊರೆಯೆಬ್ಬಿಸಿ ಅದರೊಳಗೆ ಗೂಡುಗಳನ್ನು ಮಾಡುತ್ತದೆ. ಸಕ್ಕರೆಯನ್ನು ಅರ್ಧಕ್ಕಿಳಿಸಿದರೆ ತುಂಡು ನಿಲ್ಲದು. ಕಡಲೆಬೀಜದ ಚಿಕ್ಕಿಯ ಗತಿಯೂ ಇದೇ. ಇಂಥವನ್ನು ಇದ್ದಂತೆಯೇ ಮಾಡಿ ಚಿಕ್ಕದಾಗಿ ಕತ್ತರಿಸುವುದು ಲೇಸು.

ಹೆಸರುಂಡೆಯ ವಿಚಾರ ಬೇರೆ. ಅದನ್ನು ಕಟ್ಟುವುದು ತುಪ್ಪ. ಸಿಹಿ ಕೇವಲ ರುಚಿಗೆ. ಹೆಸರುಬೇಳೆಯನ್ನು ಸಣ್ಣ ಉರಿಯಲ್ಲಿ ಹೊಂಬಣ್ಣ ಬಂದು ಘಮ್ಮೆನ್ನುವವರೆಗೆ ಹುರಿಯಬೇಕು. ಅವಸರಪಟ್ಟರೆ ಹಸಿವಾಸನೆ ಉಳಿದು, ಅದನ್ನು ಮುಚ್ಚಲು ಮತ್ತೆ ಬೆಲ್ಲ ಸುರಿಯಬೇಕಾಗುತ್ತದೆ. ಹದವಾಗಿ ಹುರಿದ ಬೇಳೆಗೆ ತನ್ನದೇ ಸವಿಯುಂಟು. 250 ಗ್ರಾಂ ಹಿಟ್ಟಿಗೆ 100 ಗ್ರಾಂ ಒಣ ಬೆಲ್ಲದ ಪುಡಿ, 100 ಗ್ರಾಂ ಬೆಚ್ಚನೆಯ ತುಪ್ಪ, ಸ್ವಲ್ಪ ಏಲಕ್ಕಿ ಸೇರಿಸಿ 20 ಉಂಡೆ ಕಟ್ಟಿದರೆ ಒಂದೊಂದರಲ್ಲಿ 5 ಗ್ರಾಂ ಬೆಲ್ಲ, 5 ಗ್ರಾಂ ತುಪ್ಪ. ಹಿಟ್ಟಿನ ಸಮತೂಕಕ್ಕೆ ಸಕ್ಕರೆ ಬೆರೆಸಿದ ಅದೇ ಗಾತ್ರದ ಉಂಡೆಯಲ್ಲಿ ಸಕ್ಕರೆ 9 ಗ್ರಾಂ ಮೀರುತ್ತದೆ. ಸೇರಿಸಿದ ಸಕ್ಕರೆ ದಿನದ ಶಕ್ತಿಯ ಶೇ. 10ರೊಳಗಿರಲಿ, ಶೇ. 5ಕ್ಕಿಳಿದರೆ ಇನ್ನೂ ಒಳಿತು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. 2000 ಕ್ಯಾಲೊರಿಯ ಆಹಾರದಲ್ಲಿ ಶೇ. 5 ಎಂದರೆ 25 ಗ್ರಾಂ. ಬೆಳಗಿನ ಕಾಫಿಯ ಸಕ್ಕರೆಯೂ ಅದರಲ್ಲೇ ಸೇರಬೇಕು!

ಹಿಟ್ಟಿಗೆ ಮಳೆಗಾಲದಲ್ಲಿ 3, ಬೇಸಗೆಯಲ್ಲಿ 5, ಚಳಿಗಾಲದಲ್ಲಿ 7 ದಿನಗಳ ಮರ್ಯಾದೆಯನ್ನು ಪಾಲಿಸುವ ಮನೆಗಳಲ್ಲಿ ಡಬ್ಬ ತುಂಬ ಉಂಡೆ ಕೂಡಿಡುವ ಪ್ರಸಂಗವೇ ಬಾರದು. ಇನ್ನು, ಬಾಹ್ಯ ತಪಸ್ಸುಗಳಲ್ಲಿ ಅವಮೌದರ್ಯವೂ ರಸಪರಿತ್ಯಾಗವೂ ಬೇರೆಬೇರೆಯಾಗಿ ಎಣಿಕೆಯಾಗಿವೆ. ಮೈಸೂರುಪಾಕಿನ ಚಿಕ್ಕ ತುಂಡಿಗೆ ಸಾಕೆನ್ನುವುದು ಮೊದಲನೆಯದರ ಹತ್ತಿರ ಬಂದೀತು. ಬೆಲ್ಲದುಂಡೆಯನ್ನು ಸವಿಯುತ್ತ ಸಿಹಿ ಬಿಟ್ಟೆನೆನ್ನುವುದು ಎರಡಕ್ಕೂ ಸೇರದು.

ದಶಲಕ್ಷಣ ಪರ್ವದ ಪಾರಣೆಗೆ ನೂರಾರು ಜನರಿಗೆ ಬಡಿಸುವ ಬಸದಿಯ ಟ್ರಸ್ಟುಗಳು ತಟ್ಟೆಯ ಪಕ್ಕದಲ್ಲಿ ಒಂದು ಚೀಟಿಯಿಡಬಹುದು: ಉಂಡೆಯೊಂದಕ್ಕೆ ಬೆಲ್ಲ 5 ಗ್ರಾಂ. ಒಂದೇ, ಅರ್ಧವೇ, ಬೇಡವೇ ಎಂಬುದನ್ನು ಹಿರಿಯರು ತಮ್ಮ ವೈದ್ಯರ ಮಾತಿನಂತೆ ತಾವೇ ನಿರ್ಧರಿಸಿಕೊಳ್ಳುತ್ತಾರೆ.