ಮುಟ್ಟು ನಿಂತ ಮೇಲೆ ಹೃದಯದ ಕಡೆಗೂ ಗಮನವಿರಲಿ

ಊಟಿಯ ಚಳಿಯಲ್ಲಿ ಸ್ವೆಟರ್ ತೆಗೆದು ಬೀಸಣಿಗೆ ಹಿಡಿದವಳನ್ನು ಕಂಡರೆ ಯಾರಿಗಾದರೂ ನಗು ಬರುತ್ತದೆ. ಆದರೆ ಆ ಬೇಗುದಿಯನ್ನು ಅನುಭವಿಸಿದವರಿಗೇ ಗೊತ್ತು.

ನಾವು ಮೂವರು ಅಕ್ಕತಂಗಿಯರು. ಮದುವೆಯಾಗಿ ಹಿರಿಯಳು ಮಸಿನಗುಡಿಗೂ ನಡುವಿನವಳು ಗೂಡಲೂರಿಗೂ ಹೋದರು. ಕಿರಿಯಳು ಊಟಿಯಲ್ಲೇ ಉಳಿದಳು. ಕಳೆದ ಕೆಲವು ವರ್ಷಗಳಲ್ಲಿ ಒಬ್ಬರ ಹಿಂದೆ ಒಬ್ಬರಂತೆ ಮುಟ್ಟು ನಿಲ್ಲುವ ವಯಸ್ಸಿಗೆ ಬಂದೆವು. ಇದನ್ನೆಲ್ಲ ಬರೆಯಬೇಕೇ ಎಂದು ಕೆಲವರಿಗೆ ಸಂಕೋಚವಾಗಬಹುದು. ತಾಯಿಯ ದೇಹದಲ್ಲಿ ಆಗುವ ಬದಲಾವಣೆ ಮನೆಮಂದಿಗೆಲ್ಲ ತಿಳಿದಿದ್ದರೆ ಒಳ್ಳೆಯದೆಂದು ನಮ್ಮ ಅನಿಸಿಕೆ.

ಸತತವಾಗಿ 12 ತಿಂಗಳು ಮುಟ್ಟಾಗದಿದ್ದರೆ ಅದನ್ನು ಋತುಬಂಧ ಎನ್ನುತ್ತಾರೆ. ನಮ್ಮ ದೇಶದಲ್ಲಿ ಇದು ಸರಾಸರಿ 46-47ನೇ ವಯಸ್ಸಿಗೆ, ಪಾಶ್ಚಾತ್ಯ ದೇಶಗಳಿಗಿಂತ ಕೆಲವು ವರ್ಷ ಮೊದಲೇ ಬರುತ್ತದೆ. ಆಗ ಈಸ್ಟ್ರೋಜನ್ ಎಂಬ ಹಾರ್ಮೋನು ಇಳಿದುಹೋಗುತ್ತದೆ. ಮೈ ಬಿಸಿಯೇರುವುದು, ರಾತ್ರಿ ಬೆವರುವುದು, ನಿದ್ದೆ ಬಾರದಿರುವುದು, ಎದೆ ಡವಗುಟ್ಟುವುದು, ಸಣ್ಣದಕ್ಕೂ ಸಿಡುಕುವುದು ಇವೆಲ್ಲ ಅದರ ಲಕ್ಷಣಗಳು. ಇವು ಹೊರಗೆ ಕಾಣುತ್ತವೆ. ಕಾಣದಂತೆ ಒಳಗೆ ನಡೆಯುವುದು ಬೇರೆ: ಕೆಟ್ಟ ಕೊಲೆಸ್ಟರಾಲ್ ಏರುತ್ತದೆ, ಹೊಟ್ಟೆಯ ಸುತ್ತ ಕೊಬ್ಬು ಸೇರುತ್ತದೆ, ರಕ್ತನಾಳಗಳು ಬಿಗಿಯುತ್ತವೆ. ಹೃದಯಕ್ಕೆ ಅಪಾಯ ಹೆಚ್ಚುವುದು ಹೀಗೆ.

ನಮ್ಮ ಅಕ್ಕನಿಗೆ ಮುಟ್ಟು ನಿಂತು ಎರಡು ವರ್ಷವಾಗಿತ್ತು. ನೀರಿನ ಕೊಡ ಹೊತ್ತು ಏರು ಹತ್ತುವಾಗ ಉಸಿರು ಕಟ್ಟುತ್ತಿತ್ತು, ದವಡೆ ನೋಯುತ್ತಿತ್ತು. ಕುಳಿತರೆ ಕಡಿಮೆಯಾಗುತ್ತಿತ್ತು. "ಆ ವಯಸ್ಸಿಗೆ ಇದೆಲ್ಲಾ ಸಹಜ" ಎಂದರು ನೆರೆಯವರು. ಸೊಸೆ ಮಾತ್ರ ಕೇಳಲಿಲ್ಲ, ಹಟಹಿಡಿದು ಆಸ್ಪತ್ರೆಗೆ ಕರೆದೊಯ್ದಳು. ರಕ್ತದೊತ್ತಡ ಏರಿತ್ತು, ಹೃದಯದ ರಕ್ತನಾಳ ಕಿರಿದಾಗಿತ್ತು. ಅಕ್ಕ ಈಗ ದಿನವೂ ಮಾತ್ರೆ ನುಂಗುತ್ತಾ ಚೆನ್ನಾಗಿದ್ದಾಳೆ.

ವೈದ್ಯರು ಹೇಳಿದ್ದನ್ನು ನಾವು ಮರೆಯುವುದಿಲ್ಲ. ಮುಟ್ಟು ನಿಲ್ಲುವ ಕಾಲದ ಬಿಸಿ ಎದೆಯಿಂದ ಮುಖಕ್ಕೇರಿ ಕೆಲವೇ ನಿಮಿಷಗಳಲ್ಲಿ ತಣಿಯುತ್ತದೆ. ಹಾಗಲ್ಲದೆ, ನಡೆದಾಗ ಅಥವಾ ಭಾರ ಹೊತ್ತಾಗ ಬಂದು ವಿಶ್ರಾಂತಿಗೆ ಇಳಿಯುವ ನೋವನ್ನು ಹೃದಯದ್ದೆಂದೇ ಸಂಶಯಿಸಬೇಕು. ಹೃದಯಾಘಾತವಾದಾಗ ಹೆಂಗಸರಿಗೆ ಎದೆನೋವಿನ ಜೊತೆ, ಕೆಲವೊಮ್ಮೆ ಎದೆನೋವೇ ಇಲ್ಲದೆ, ಏದುಸಿರು, ಬೆನ್ನುನೋವು, ವಾಕರಿಕೆ, ತಣ್ಣನೆಯ ಬೆವರು, ವಿಪರೀತ ಸುಸ್ತು ಬರಬಹುದು.

ಗೂಡಲೂರಿನ ತಂಗಿಯ ಕಷ್ಟ ಬೇರೆ. ರಾತ್ರಿಯಿಡೀ ಬೆವರಿ ನಿದ್ದೆಯಿಲ್ಲದೆ ಸೊರಗಿದ್ದಳು. ಅವಳ ಆರೋಗ್ಯವನ್ನೆಲ್ಲ ಪರೀಕ್ಷಿಸಿ ವೈದ್ಯರು ಹಾರ್ಮೋನ್ ಚಿಕಿತ್ಸೆ ಕೊಟ್ಟರು. ಅದೇ ಮಾತ್ರೆ ಅಕ್ಕನಿಗೆ ಬೇಡವೆಂದರು. ಒಂದೇ ತಾಯಿಯ ಮಕ್ಕಳಿಗೆ ಎರಡು ಉತ್ತರವೇಕೆ?

ಹಾರ್ಮೋನು ಕೊಟ್ಟರೆ ಹೃದಯ ಉಳಿಯುವುದೆಂದು ಹಿಂದೆ ನಂಬಿದ್ದರು. ಅಮೆರಿಕದಲ್ಲಿ 16,608 ಮಹಿಳೆಯರ ಮೇಲೆ ನಡೆದ ಅಧ್ಯಯನವೊಂದನ್ನು 2002ರಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯಿತು. ಎರಡು ಹಾರ್ಮೋನು ಸೇರಿದ ಮಾತ್ರೆ ತೆಗೆದುಕೊಂಡವರಲ್ಲಿ ವರ್ಷಕ್ಕೆ 10,000 ಮಂದಿಗೆ 7 ಹೃದಯ ಕಾಯಿಲೆಗಳೂ 8 ಪಾರ್ಶ್ವವಾಯುಗಳೂ 8 ಸ್ತನ ಕ್ಯಾನ್ಸರ್‌ಗಳೂ ಹೆಚ್ಚಾಗಿ ಕಂಡವು. ಲೋಕವೆಲ್ಲ ಹೆದರಿತು. ಆದರೆ ಅವರ ಸರಾಸರಿ ವಯಸ್ಸು 63 ಆಗಿತ್ತು. 60 ದಾಟದ, ಅಥವಾ ಮುಟ್ಟು ನಿಂತು 10 ವರ್ಷದೊಳಗಿನ ಆರೋಗ್ಯವಂತ ಹೆಂಗಸರಿಗೆ ಬಿಸಿ-ಬೆವರಿನ ಕಾಟವಿದ್ದರೆ ಈ ಚಿಕಿತ್ಸೆಯಿಂದ ಸಾಮಾನ್ಯವಾಗಿ ಲಾಭವೇ ಹೆಚ್ಚೆಂದು ಮುಂದೆ ತಿಳಿಯಿತು. 2025ರ ನವೆಂಬರಿನಲ್ಲಿ ಅಮೆರಿಕದ ಔಷಧ ಇಲಾಖೆಯೂ ಇವುಗಳ ಮೇಲಿನ ಕಠಿಣ ಎಚ್ಚರಿಕೆಯನ್ನು ಸಡಿಲಿಸುವುದಾಗಿ ಪ್ರಕಟಿಸಿತು. ಆದರೂ ಇದು ಹೃದಯ ಕಾಯುವ ಔಷಧವಲ್ಲ. ಹೃದಯ ಕಾಯಿಲೆ, ಪಾರ್ಶ್ವವಾಯು, ರಕ್ತ ಹೆಪ್ಪುಗಟ್ಟುವಿಕೆ, ಸ್ತನ ಕ್ಯಾನ್ಸರ್ ಆಗಿದ್ದವರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಗೆಳತಿಯ ಚೀಟಿ ತೋರಿಸಿ ಅಂಗಡಿಯಲ್ಲಿ ಕೊಳ್ಳುವಂಥದ್ದಲ್ಲ.

ಹೃದಯವನ್ನು ಕಾಯುವುದು ಹಳೆಯ ದಾರಿಯೇ: ಉಪ್ಪು, ಉಪ್ಪಿನಕಾಯಿ ಕಡಿಮೆ ಮಾಡುವುದು, ದಿನಕ್ಕೆ ಅರ್ಧ ಗಂಟೆ ನಡೆಯುವುದು, ಹೊಗೆಸೊಪ್ಪು ಬಿಡುವುದು, ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್ ಪರೀಕ್ಷಿಸಿಕೊಳ್ಳುವುದು. ತಮಿಳುನಾಡು ಸರ್ಕಾರ 2021ರ ಆಗಸ್ಟ್‌ನಲ್ಲಿ ಆರಂಭಿಸಿದ 'ಮಕ್ಕಳೈ ತೇಡಿ ಮರುತ್ತುವಂ', ಅಂದರೆ ಜನರನ್ನು ಹುಡುಕಿ ಬರುವ ವೈದ್ಯ, ಯೋಜನೆಯ ಕಾರ್ಯಕರ್ತೆಯರು ಮನೆಗೇ ಬಂದು ರಕ್ತದೊತ್ತಡ, ಸಕ್ಕರೆ ನೋಡುತ್ತಾರೆ. ಅವರು ಬಂದಾಗ ಅಡುಗೆಕೆಲಸವಿದೆ ಎಂದು ತಪ್ಪಿಸಿಕೊಳ್ಳಬೇಡಿ. ಊಟಿಯಲ್ಲಿ 2025ರ ಏಪ್ರಿಲ್‌ನಲ್ಲಿ 700 ಹಾಸಿಗೆಗಳ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯೂ ಉದ್ಘಾಟನೆಯಾಗಿದೆ.

ಆದರೂ ಮಸಿನಗುಡಿಯಿಂದ ಊಟಿಗೆ ಕಲ್ಲಟ್ಟಿ ಘಾಟಿಯ 36 ತಿರುವುಗಳನ್ನು ಹತ್ತಬೇಕು. ಗೂಡಲೂರಿನಿಂದ ಸುಮಾರು 50 ಕಿಲೋಮೀಟರ್. ಬಂಡೀಪುರದ ಮೂಲಕ ಗುಂಡ್ಲುಪೇಟೆಗೆ ಹೋಗುವ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿದ್ದರೂ ಅಂಬ್ಯುಲೆನ್ಸಿಗೆ ತಡೆಯಿಲ್ಲ. ಇಷ್ಟು ದೂರದ ದಾರಿಯಿರುವ ನಮಗೆ ಬೆಳಗಾಗಲಿ ಎಂದು ಕಾಯುವಷ್ಟು ಸಮಯವಿಲ್ಲ. ಅಮ್ಮ ಎದೆ ಬಿಗಿಯುತ್ತಿದೆ, ಉಸಿರಾಡಲಾಗುತ್ತಿಲ್ಲ ಎಂದರೆ, ಮಕ್ಕಳೇ, ಅವರ ವಯಸ್ಸನ್ನು ಲೆಕ್ಕ ಹಾಕುತ್ತಾ ಕೂರಬೇಡಿ. 108ಕ್ಕೆ ಕರೆ ಮಾಡಿ.